ಸರ್ವರ್‌ಗೂ ತಿಳಿಯದ ಹುಡುಕಾಟ

ಸರ್ಚ್ ಪೆಟ್ಟಿಗೆಯಲ್ಲಿ ಒಂದು ಕಾಯಿಲೆಯ ಹೆಸರು ಬರೆದು ಎಂಟರ್ ಒತ್ತುತ್ತೀರಿ. ಎಚ್‌ಟಿಟಿಪಿಎಸ್ ಎಂಬ ಬೀಗ ಇರುವುದರಿಂದ ಆ ಪದ ದಾರಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ವೈಫೈ ಬಳಸುವ ಪಕ್ಕದವರಿಗೂ ಕಾಣದು, ಇಂಟರ್‌ನೆಟ್ ಕೊಡುವ ಕಂಪನಿಗೂ ಕಾಣದು. ಆದರೆ ಈ ರಕ್ಷಣೆ ಸರ್ಚ್ ಕಂಪನಿಯ ಬಾಗಿಲವರೆಗೆ ಮಾತ್ರ. ಬಾಗಿಲು ದಾಟಿದ ಕೂಡಲೇ ಸರ್ವರ್ ಬೀಗ ತೆಗೆದು ನಿಮ್ಮ ಪ್ರಶ್ನೆಯನ್ನು ಅಕ್ಷರಶಃ ಓದುತ್ತದೆ. ಓದದಿದ್ದರೆ ಹುಡುಕುವುದು ಹೇಗೆ?

ಇನ್‌ಕಾಗ್ನಿಟೊ ಮೋಡ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಅಳಿಸುವುದು ನಿಮ್ಮ ಫೋನಿನಲ್ಲಿರುವ ಇತಿಹಾಸವನ್ನು. ವಿಪಿಎನ್ ಮತ್ತು ಟಾರ್ ನಿಮ್ಮ ಐಪಿ ವಿಳಾಸವನ್ನು ಮರೆಮಾಡುತ್ತವೆ. ಅಂದರೆ ಕೇಳಿದವರು ಯಾರು ಎಂಬುದು ಮುಚ್ಚಿಹೋಗುತ್ತದೆ, ಕೇಳಿದ್ದು ಏನು ಎಂಬುದು ತೆರೆದೇ ಇರುತ್ತದೆ. ‘ನಾವು ದಾಖಲೆ ಇಡುವುದಿಲ್ಲ’ ಎನ್ನುವ ಸರ್ಚ್ ಎಂಜಿನ್‌ಗಳು ಕೊಡುವುದು ಮಾತು. ಆ ಮಾತು ನಿಜವೇ ಇರಬಹುದು, ಆದರೆ ಅದನ್ನು ಹೊರಗಿನಿಂದ ಪರೀಕ್ಷಿಸಲು ನಮಗೆ ದಾರಿಯಿಲ್ಲ.

ಹೆಸರು ಮುಚ್ಚಿದರೆ ಸಾಲದು ಎಂಬುದು 2006ರಲ್ಲೇ ಗೊತ್ತಾಯಿತು. ಎಒಎಲ್ ಕಂಪನಿ ಸಂಶೋಧಕರ ಉಪಯೋಗಕ್ಕೆಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಸುಮಾರು 2 ಕೋಟಿ ಹುಡುಕಾಟಗಳನ್ನು ಬಿಡುಗಡೆ ಮಾಡಿತು. ಹೆಸರುಗಳನ್ನು ತೆಗೆದು ಬರೀ ಸಂಖ್ಯೆ ಹಾಕಿತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತರು 4417749 ಎಂಬ ಸಂಖ್ಯೆಯ ಹಿಂದಿದ್ದ ಮಹಿಳೆಯನ್ನು ಪತ್ತೆಹಚ್ಚಿ ಅವರ ಮನೆಗೇ ಹೋದರು. ಊರಿನ ಹೆಸರು, ನೆಂಟರ ಮನೆತನದ ಹೆಸರು, ಕಾಯಿಲೆಯ ಲಕ್ಷಣ, ಹೀಗೆ ಪ್ರಶ್ನೆಗಳನ್ನು ಒಂದರ ಪಕ್ಕ ಒಂದಿಟ್ಟರೆ ಆಳು ತಾನಾಗಿಯೇ ಕಾಣಿಸುತ್ತಾನೆ. ಆದ್ದರಿಂದ ಮುಚ್ಚಬೇಕಾದದ್ದು ಪ್ರಶ್ನೆಯನ್ನೇ.

ಪ್ರಶ್ನೆ ಏನೆಂದು ತಿಳಿಯದೆಯೇ ಸರ್ವರ್ ಸರಿಯಾದ ಉತ್ತರ ಕೊಡಲು ಸಾಧ್ಯವೇ? ಸಾಧ್ಯ. ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಇಡೀ ಡೇಟಾಬೇಸನ್ನು ಇಳಿಸಿಕೊಂಡು ನಮ್ಮ ಯಂತ್ರದಲ್ಲೇ ಹುಡುಕುವುದು. ಅದಕ್ಕಿಂತ ಕಡಿಮೆ ಡೇಟಾ ಸಾಗಿಸಿ ಅಷ್ಟೇ ಗುಟ್ಟು ಕಾಯಲು ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಬೆನ್ನಿ ಶೋರ್, ಓಡೆಡ್ ಗೋಲ್ಡ್‌ರೈಖ್, ಎಯಾಲ್ ಕುಶಿಲೆವಿಟ್ಜ್ ಮತ್ತು ಚೆನ್ನೈನಲ್ಲಿ ಹುಟ್ಟಿದ ಮಧು ಸುದನ್ 1995ರಲ್ಲಿ ಎತ್ತಿಕೊಂಡರು. ಅವರು ಅದಕ್ಕೆ ಕೊಟ್ಟ ಹೆಸರು ಪ್ರೈವೇಟ್ ಇನ್ಫರ್ಮೇಷನ್ ರಿಟ್ರೀವಲ್, ಚಿಕ್ಕದಾಗಿ ಪಿಐಆರ್.

ಎರಡು ಸರ್ವರ್, ಐದು ಅಂಕಿ

ಕಾಗದ, ಪೆನ್ನು ಹಿಡಿದು ಮಾಡಿ ನೋಡಬಹುದಾದ ಲೆಕ್ಕವಿದು. ಡೇಟಾಬೇಸಿನಲ್ಲಿ ಐದು ಅಂಕಿಗಳಿವೆ: 7, 2, 9, 4, 1. ಒಂದೇ ಡೇಟಾಬೇಸಿನ ಎರಡು ಪ್ರತಿಗಳು ಪರಸ್ಪರ ಮಾತನಾಡದ ಎರಡು ಸರ್ವರ್‌ಗಳಲ್ಲಿವೆ. ನಿಮಗೆ ನಾಲ್ಕನೆಯ ಅಂಕಿ ಬೇಕು.

ಮನಸ್ಸಿಗೆ ಬಂದ ಐದು ಅಂಕಿ ಬರೆದುಕೊಳ್ಳಿ: 3, 8, 0, 5, 6. ಮೊದಲ ಸರ್ವರ್‌ಗೆ ಇದನ್ನೇ ಕಳಿಸಿ. ಎರಡನೆಯದಕ್ಕೆ ಕಳಿಸುವಾಗ ನಾಲ್ಕನೆಯ ಜಾಗಕ್ಕೆ ಮಾತ್ರ 1 ಸೇರಿಸಿ: 3, 8, 0, 6, 6. ಪ್ರತಿ ಸರ್ವರ್ ತನ್ನಲ್ಲಿರುವ ಅಂಕಿಯನ್ನು ನೀವು ಕಳಿಸಿದ ಅಂಕಿಯಿಂದ ಜಾಗ ಜಾಗಕ್ಕೆ ಗುಣಿಸಿ, ಎಲ್ಲವನ್ನೂ ಕೂಡಿಸಿ, ಮೊತ್ತದ ಕೊನೆಯ ಅಂಕಿಯನ್ನು ಮಾತ್ರ ಹಿಂದಿರುಗಿಸುತ್ತದೆ. ಮೊದಲನೆಯದರಲ್ಲಿ 21, 16, 0, 20, 6 ಕೂಡಿ 63, ಉತ್ತರ 3. ಎರಡನೆಯದರಲ್ಲಿ 21, 16, 0, 24, 6 ಕೂಡಿ 67, ಉತ್ತರ 7. ಏಳರಲ್ಲಿ ಮೂರು ಕಳೆದರೆ ನಾಲ್ಕು. ಬೇಕಾಗಿದ್ದ ಅಂಕಿ ಅದೇ.

ಎರಡು ಮೊತ್ತಗಳೂ ನಾಲ್ಕನೆಯ ಜಾಗ ಬಿಟ್ಟು ಉಳಿದೆಲ್ಲ ಕಡೆ ಒಂದೇ, ಆದ್ದರಿಂದ ಕಳೆದಾಗ ಅವೆಲ್ಲ ಅಳಿಸಿಹೋಗುತ್ತವೆ. ಒಂದೊಂದು ಸರ್ವರ್‌ಗೂ ಕಂಡದ್ದು ಮಾತ್ರ ಗೊತ್ತುಗುರಿಯಿಲ್ಲದ ಐದು ಅಂಕಿಗಳು. ಎಷ್ಟೇ ದೊಡ್ಡ ಕಂಪ್ಯೂಟರ್ ತಂದರೂ ಅವುಗಳಿಂದ ‘ನಾಲ್ಕು’ ಎಂಬುದನ್ನು ಹೊರತೆಗೆಯಲಾಗದು, ಏಕೆಂದರೆ ಆ ಮಾಹಿತಿ ಅಲ್ಲಿ ಇಲ್ಲವೇ ಇಲ್ಲ. ಒಂದು ಷರತ್ತಿದೆ: ಪ್ರತಿ ಪ್ರಶ್ನೆಗೂ ಹೊಸದಾಗಿ ಅಂಕಿ ಆರಿಸಬೇಕು. ಹಳೆಯ ಅಂಕಿಗಳನ್ನೇ ಮತ್ತೆ ಬಳಸಿದರೆ ಹಿಂದಿನ ಸಾಲಿಗೂ ಇಂದಿನ ಸಾಲಿಗೂ ಇರುವ ವ್ಯತ್ಯಾಸ ಎಲ್ಲವನ್ನೂ ಹೇಳಿಬಿಡುತ್ತದೆ.

ಈ ವಿಧಾನದ ಬಿರುಕು ಗಣಿತದಲ್ಲಿಲ್ಲ, ಮನುಷ್ಯರಲ್ಲಿದೆ. ಎರಡು ಸರ್ವರ್‌ಗಳ ಮಾಲೀಕರು ಕೈಜೋಡಿಸಿದರೆ ಗುಟ್ಟು ಆ ಕ್ಷಣವೇ ರಟ್ಟು. ಸ್ಪರ್ಧಿಗಳಾದ ಎರಡು ಕಂಪನಿಗಳು ಒಂದೇ ಡೇಟಾಬೇಸಿನ ಪ್ರತಿ ಇಟ್ಟುಕೊಂಡು, ಎಂದೂ ಮಾತನಾಡಿಕೊಳ್ಳುವುದಿಲ್ಲ ಎಂದು ನಂಬಬೇಕಾಗುತ್ತದೆ.

ಒಂದೇ ಸರ್ವರ್ ಸಾಕು

1997ರಲ್ಲಿ ಕುಶಿಲೆವಿಟ್ಜ್ ಮತ್ತು ರಫೈಲ್ ಒಸ್ಟ್ರೋವ್‌ಸ್ಕಿ ಎರಡನೆಯ ಸರ್ವರ್ ಬೇಡವೆಂದು ತೋರಿಸಿದರು. ಅವರ ವಿಧಾನ ನಿಂತದ್ದು ಸಂಖ್ಯಾಸಿದ್ಧಾಂತದ ಒಂದು ಕಠಿಣ ಸಮಸ್ಯೆಯ ಮೇಲೆ, ಓಡಿಸಲು ತುಂಬಾ ನಿಧಾನ. ಇಂದು ಬಳಕೆಯಲ್ಲಿರುವುದು ಓಡೆಡ್ ರೆಗೆವ್ 2005ರಲ್ಲಿ ಮುಂದಿಟ್ಟ ‘ಲರ್ನಿಂಗ್ ವಿತ್ ಎರರ್ಸ್’ ಎಂಬ ಸಮಸ್ಯೆಯಿಂದ ಹುಟ್ಟಿದ ವಿಧಾನಗಳು. ಅದರ ಜೀವಾಳವೆಂದರೆ ಬೇಕೆಂದೇ ಬೆರೆಸುವ ಸಣ್ಣ ತಪ್ಪು.

ಅದೇ ಐದು ಅಂಕಿಗಳನ್ನು ತೆಗೆದುಕೊಳ್ಳೋಣ. ಈ ಸಲ ಎಲ್ಲ ಲೆಕ್ಕದಲ್ಲೂ ಕೊನೆಯ ಮೂರು ಅಂಕಿಗಳನ್ನು ಉಳಿಸಿಕೊಳ್ಳುತ್ತೇವೆ. ಎಲ್ಲರಿಗೂ ಗೊತ್ತಿರುವ ಐದು ಸಂಖ್ಯೆಗಳಿವೆ: 123, 457, 310, 888, 245. ನಿಮ್ಮೊಬ್ಬರಿಗೇ ಗೊತ್ತಿರುವ ಗುಟ್ಟಿನ ಸಂಖ್ಯೆ 7. ಏಳರಿಂದ ಗುಣಿಸಿದರೆ 861, 199, 170, 216, 715 ಬರುತ್ತವೆ. ಇವು ಮುಸುಕು. ಒಂದೊಂದಕ್ಕೂ ಚಿಟಿಕೆಯಷ್ಟು ತಪ್ಪು ಬೆರೆಸಿ: ಕ್ರಮವಾಗಿ +1, −1, 0, +1, −1. ಕೊನೆಗೆ, ಬೇಕಾದ ನಾಲ್ಕನೆಯ ಜಾಗಕ್ಕೆ 100 ಕೂಡಿಸಿ. ಸರ್ವರ್‌ಗೆ ಹೋಗುವ ಸಾಲು: 862, 198, 170, 317, 714.

ಸರ್ವರ್ ಹಿಂದಿನಂತೆಯೇ ಗುಣಿಸಿ ಕೂಡಿಸುತ್ತದೆ: 6034, 396, 1530, 1268, 714, ಒಟ್ಟು 9942. ಕೊನೆಯ ಮೂರು ಅಂಕಿ 942 ನಿಮಗೆ ಬರುತ್ತದೆ. ಇದಲ್ಲದೆ ಸರ್ವರ್ ಮುಂಚೆಯೇ ಇನ್ನೊಂದು ಲೆಕ್ಕ ಮಾಡಿಟ್ಟಿರುತ್ತದೆ. ಡೇಟಾಬೇಸಿನ ಅಂಕಿಗಳನ್ನು ಆ ಬಹಿರಂಗ ಸಂಖ್ಯೆಗಳಿಂದ ಗುಣಿಸಿ ಕೂಡಿದ ಮೊತ್ತವದು: 8362, ಅಂದರೆ 362. ಇದಕ್ಕೆ ‘ಸುಳಿವು’ ಎನ್ನೋಣ. ಯಾರು ಬೇಕಾದರೂ ಇದನ್ನು ಪಡೆಯಬಹುದು, ಇದರಲ್ಲಿ ನಿಮ್ಮ ಪ್ರಶ್ನೆಯ ವಾಸನೆಯೇ ಇಲ್ಲ. ನೀವು ಸುಳಿವನ್ನು ನಿಮ್ಮ 7ರಿಂದ ಗುಣಿಸುತ್ತೀರಿ: 2534, ಅಂದರೆ 534. 942ರಲ್ಲಿ 534 ಕಳೆದರೆ 408. ಹತ್ತಿರದ ನೂರಕ್ಕೆ ಸರಿಮಾಡಿದರೆ 400. ಉತ್ತರ ನಾಲ್ಕು.

ಕೊನೆಗೆ ಉಳಿದ ಆ 8 ಎಲ್ಲಿಂದ ಬಂತು? ಬೆರೆಸಿದ ಸಣ್ಣ ತಪ್ಪುಗಳು ಡೇಟಾಬೇಸಿನ ಅಂಕಿಗಳಿಂದ ಗುಣಿಸಿಕೊಂಡು ಕೂಡಿದ್ದು ಅದು. ಎಡವಟ್ಟಾಗುವುದೂ ಇಲ್ಲೇ. ಒಟ್ಟು ತಪ್ಪು 50ರ ಒಳಗಿದ್ದರೆ ಉತ್ತರ ಸರಿ, ದಾಟಿದರೆ ಪಕ್ಕದ ನೂರಕ್ಕೆ ಜಾರಿ ತಪ್ಪು ಅಂಕಿ ಬರುತ್ತದೆ. ಐದು ಜಾಗಗಳಲ್ಲೂ 9 ಇದ್ದು ತಪ್ಪೆಲ್ಲ ಒಂದೇ ದಿಕ್ಕಿಗೆ ಬಿದ್ದರೂ ಮೊತ್ತ 45, ಬಚಾವ್. ಆರನೆಯ ಜಾಗ ಸೇರಿದರೆ 54 ಆಗಬಹುದು, ಆಗ ಭರವಸೆಯಿಲ್ಲ. ಹಾಗೆಂದು ತಪ್ಪನ್ನೇ ಬಿಟ್ಟುಬಿಡುವಂತಿಲ್ಲ. ತಪ್ಪಿಲ್ಲದಿದ್ದರೆ ಸರ್ವರ್ ಮುಂದಿರುವುದು ಶಾಲೆಯಲ್ಲಿ ಬಿಡಿಸುವಂಥ ಸಮೀಕರಣಗಳು, ಗುಟ್ಟಿನ ಸಂಖ್ಯೆ ಕ್ಷಣದಲ್ಲಿ ಸಿಗುತ್ತದೆ. ತಪ್ಪು ಬೆರೆತರೆ ಅದೇ ಬಿಡಿಸುವ ವಿಧಾನ ಪ್ರತಿ ಹೆಜ್ಜೆಗೂ ತಪ್ಪನ್ನು ಹಿಗ್ಗಿಸುತ್ತ ಹೋಗಿ ಕೊನೆಗೆ ಕಸ ಉಳಿಯುತ್ತದೆ. ತಪ್ಪು ಗುಟ್ಟು ಕಾಯುವಷ್ಟು ದೊಡ್ಡದಿರಬೇಕು, ಉತ್ತರ ಕೆಡಿಸದಷ್ಟು ಸಣ್ಣದಿರಬೇಕು. ಇಡೀ ಎಂಜಿನಿಯರಿಂಗ್ ಈ ಎರಡು ಗೆರೆಗಳ ನಡುವೆ ನಡೆಯುತ್ತದೆ.

ನಮ್ಮ ಲೆಕ್ಕದಲ್ಲಿ ಗುಟ್ಟು ಒಂದೇ ಸಂಖ್ಯೆ, ಸಾವಿರ ಸಲ ಊಹಿಸಿದರೆ ಸಿಕ್ಕಿಬಿಡುತ್ತದೆ. 2023ರಲ್ಲಿ ಅಲೆಕ್ಸಾಂಡ್ರಾ ಹೆನ್ಜಿಂಗರ್, ವಿನೋದ್ ವೈಕುಂಠನಾಥನ್ ಮತ್ತು ಸಂಗಡಿಗರು ಪ್ರಕಟಿಸಿದ ಸಿಂಪಲ್‌ಪಿಐಆರ್‌ನಲ್ಲಿ ಗುಟ್ಟು 1024 ಸಂಖ್ಯೆಗಳ ಪಟ್ಟಿ, ಲೆಕ್ಕವೆಲ್ಲ 2ರ 32ನೇ ಘಾತದೊಳಗೆ. ಡೇಟಾಬೇಸನ್ನು ಒಂದೇ ಸಾಲಾಗಿ ಇಡದೆ ಚೌಕದ ಹಾಗೆ ಮಡಚಿಡುತ್ತಾರೆ. 1 ಜಿಬಿ ಡೇಟಾಬೇಸ್ ಆದರೆ ಚೌಕದ ಒಂದು ಬದಿಗೆ ಸುಮಾರು 30 ಸಾವಿರ ಮನೆಗಳು. ಕಂಬಸಾಲು ಯಾವುದೆಂದು ಹೇಳುವ ಪ್ರಶ್ನೆಯಲ್ಲಿ 30 ಸಾವಿರ ಸಂಖ್ಯೆ, ತಲಾ 4 ಬೈಟ್. ಉತ್ತರವೂ ಅಷ್ಟೇ. ಹೋಗಿ ಬರುವುದು ಸೇರಿ 242 ಕೆಬಿ, ಒಂದು ಸಾಧಾರಣ ಚಿತ್ರದಷ್ಟು. ಸುಳಿವು ಮಾತ್ರ ದೊಡ್ಡದು, 121 ಎಂಬಿ. ಪ್ರತಿ ಅಡ್ಡಸಾಲಿಗೂ 1024 ಸಂಖ್ಯೆ ಬೇಕಲ್ಲ, ಅದಕ್ಕೆ. ಒಮ್ಮೆ ಇಳಿಸಿಕೊಂಡರೆ ಎಷ್ಟು ಪ್ರಶ್ನೆಗಾದರೂ ಆಗುತ್ತದೆ. ಆದರೆ ಡೇಟಾಬೇಸ್ ಬದಲಾದಾಗ ಸುಳಿವೂ ಬದಲಾಗುತ್ತದೆ.

ವೇಗ ಒಂದು ಕೋರ್‌ಗೆ (ಪ್ರೊಸೆಸರಿನ ಒಂದು ಲೆಕ್ಕದ ಘಟಕಕ್ಕೆ) ಸೆಕೆಂಡಿಗೆ ಸುಮಾರು 10 ಜಿಬಿ. ಇದು ಮೆಮೊರಿಯಿಂದ ಬರೀ ಓದುವ ವೇಗಕ್ಕೇ ಹತ್ತಿರ. ಅದಕ್ಕಿಂತ ವೇಗ ಏಕೆ ಆಗದು? ಅಮೋಸ್ ಬೈಮೆಲ್, ಯುವಲ್ ಇಷಾಯ್ ಮತ್ತು ಟಾಲ್ ಮಾಲ್ಕಿನ್ 2000ದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದರು: ಡೇಟಾಬೇಸನ್ನು ಇದ್ದ ಹಾಗೇ ಇಟ್ಟುಕೊಂಡರೆ ಸರ್ವರ್ ಪ್ರತಿ ಪ್ರಶ್ನೆಗೂ ಪ್ರತಿಯೊಂದು ದಾಖಲೆಯನ್ನು ಮುಟ್ಟಲೇಬೇಕು. ಒಂದನ್ನು ಮುಟ್ಟದೆ ಬಿಟ್ಟರೆ, ನಿಮಗೆ ಅದು ಬೇಡವಾಗಿತ್ತು ಎಂದು ಅದಕ್ಕೆ ಗೊತ್ತಾದಂತೆಯೇ. ಒಂದು ಹಾಳೆ ಹುಡುಕಲು ಪ್ರತಿ ಸಲವೂ ಇಡೀ ಗ್ರಂಥಾಲಯವನ್ನು ಓದುವುದು, ಖಾಸಗಿತನದ ನಿಜವಾದ ಬೆಲೆ ಅದು.

ಅಂಕಿಯಿಂದ ಪದಕ್ಕೆ

ಇಲ್ಲಿಯವರೆಗೆ ‘ನಾಲ್ಕನೆಯದು ಕೊಡು’ ಎಂದು ಕೇಳಿದೆವು. ಜನ ಹುಡುಕುವುದು ಪದದಿಂದ. ಪದವನ್ನು ಜಾಗದ ಸಂಖ್ಯೆಯಾಗಿಸಲು ಹ್ಯಾಶ್ ಲೆಕ್ಕ ಬಳಸುತ್ತಾರೆ, ಮತ್ತು ಆ ಲೆಕ್ಕ ಬಳಕೆದಾರರ ಯಂತ್ರದಲ್ಲೇ ಆಗಬೇಕು. ಕನ್ನಡಕ್ಕೆ ಇಲ್ಲಿ ಎರಡು ಎಡರುಗಳಿವೆ. ಹ್ಯಾಶ್‌ಗೆ ‘ಮನೆ’, ‘ಮನೆಗೆ’, ‘ಮನೆಯಲ್ಲಿ’ ಮೂರೂ ಸಂಬಂಧವಿಲ್ಲದ ಮೂರು ಪದಗಳು. ಮಾಮೂಲಿ ಸರ್ಚ್‌ನಲ್ಲಿ ವಿಭಕ್ತಿ ಪ್ರತ್ಯಯ ಕಳಚುವ ಕೆಲಸ ಸರ್ವರ್‌ನದು. ಇಲ್ಲಿ ಅದು ಪದವನ್ನೇ ನೋಡದ ಕಾರಣ ಆ ಕೆಲಸ ಫೋನಿಗೆ ಬೀಳುತ್ತದೆ. ಎರಡನೆಯದು ಯೂನಿಕೋಡ್. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಸಂಕೇತ ಕೂರುತ್ತದೆ. ಒಬ್ಬರು ಅದನ್ನು ಹಾಕಿ ಬರೆದು ಇನ್ನೊಬ್ಬರು ಹಾಕದಿದ್ದರೆ ಹ್ಯಾಶ್ ಪೂರ್ತಿ ಬೇರೆ, ಫಲಿತಾಂಶ ಸೊನ್ನೆ. ‘ೊ’ ಸ್ವರಚಿಹ್ನೆಯನ್ನೂ ಎರಡು ತುಂಡಾಗಿ ಬರೆಯಬಹುದು. ಅದನ್ನು ಯೂನಿಕೋಡಿನ ಎನ್‌ಎಫ್‌ಸಿ ನಿಯಮ ಒಂದುಗೂಡಿಸುತ್ತದೆ, ಆದರೆ ಕಾಣದ ಸಂಕೇತವನ್ನು ಅದು ತೆಗೆಯುವುದಿಲ್ಲ, ಬೇರೆಯಾಗಿ ತೆಗೆಯಬೇಕು. ಕನ್ನಡಕ್ಕೆ ಇಂಥ ವ್ಯವಸ್ಥೆ ಕಟ್ಟುವವರು ಹ್ಯಾಶ್‌ಗೆ ಮೊದಲು ಮಾಡಬೇಕಾದ ಕೆಲಸ ಇದು.

ಉದ್ದವೂ ಗುಟ್ಟು ಬಿಟ್ಟುಕೊಡುತ್ತದೆ. ಒಂದು ಪದಕ್ಕೆ 300 ಬೈಟ್ ಉತ್ತರ, ಇನ್ನೊಂದಕ್ಕೆ 9 ಸಾವಿರ ಬೈಟ್ ಉತ್ತರ ಬಂದರೆ, ಬರೀ ಗಾತ್ರ ನೋಡಿಯೇ ಪದ ಊಹಿಸಬಹುದು. ಆದ್ದರಿಂದ ಎಲ್ಲ ದಾಖಲೆಗಳನ್ನೂ ಒಂದೇ ಅಳತೆಗೆ ತುಂಬಿ ಅಥವಾ ತುಂಡರಿಸಿ ಇಡಬೇಕು. ಕನ್ನಡದ ಒಂದು ಯೂನಿಕೋಡ್ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುವುದರಿಂದ ಇಂಗ್ಲಿಷಿಗೆ ಹಾಕಿದ ಅಳತೆ ನಮಗೆ ಸಾಲದು.

ಹೊಂದುವ ಪದ ಹುಡುಕಿದ ಮಾತ್ರಕ್ಕೆ ವೆಬ್ ಸರ್ಚ್ ಆಗುವುದಿಲ್ಲ, ಯಾವ ಪುಟ ಹೆಚ್ಚು ಸೂಕ್ತ ಎಂದು ತೂಗಬೇಕು. 2023ರಲ್ಲಿ ಬಂದ ಟಿಪ್‌ಟೋ ಎಂಬ ಸಂಶೋಧನಾ ವ್ಯವಸ್ಥೆ ಇದನ್ನು ಮಾಡಿದ ರೀತಿ ಸೊಗಸಾಗಿದೆ. ಪ್ರತಿ ಪುಟದ ಅರ್ಥವನ್ನು ಒಂದು ಎಐ ಮಾದರಿ 192 ಸಂಖ್ಯೆಗಳ ಸಾಲಾಗಿ ಬರೆದಿಡುತ್ತದೆ. ಅರ್ಥ ಹತ್ತಿರವಿದ್ದ ಪುಟಗಳ ಸಾಲುಗಳನ್ನು ಗುಣಿಸಿ ಕೂಡಿದರೆ ದೊಡ್ಡ ಮೊತ್ತ ಬರುತ್ತದೆ. ಪುಟಗಳನ್ನು ವಿಷಯವಾರು ಗುಂಪುಗಳಾಗಿ ಮಾಡಿ, ಗುಂಪುಗಳ ಪಟ್ಟಿಯನ್ನು ಬಳಕೆದಾರರಿಗೆ ಮೊದಲೇ ಕೊಟ್ಟಿರುತ್ತಾರೆ. ನಿಮ್ಮ ಪ್ರಶ್ನೆಯನ್ನು ನಿಮ್ಮ ಯಂತ್ರವೇ 192 ಸಂಖ್ಯೆಗಳಾಗಿಸಿ, ಹತ್ತಿರದ ಗುಂಪನ್ನು ತಾನೇ ಆರಿಸುತ್ತದೆ. ಮೇಲಿನ ಲೆಕ್ಕದಲ್ಲಿ ನಾಲ್ಕನೆಯ ಜಾಗಕ್ಕೆ 100 ಕೂಡಿಸಿದೆವಲ್ಲ, ಇಲ್ಲಿ ಆರಿಸಿದ ಗುಂಪಿನ ಜಾಗದಲ್ಲಿ ಆ 192 ಸಂಖ್ಯೆಗಳನ್ನು ಕೂಡಿಸುತ್ತಾರೆ, ಉಳಿದ ಗುಂಪುಗಳ ಜಾಗದಲ್ಲಿ ಸೊನ್ನೆ. ಸರ್ವರ್ ಗುಣಿಸಿ ಕೂಡುತ್ತದೆ. ನಿಮ್ಮ ಕೈಗೆ ಬರುವುದು ಆ ಗುಂಪಿನ ಪ್ರತಿ ಪುಟದ ಅಂಕ. ಮೇಲಿನ ಪುಟಗಳ ಕೊಂಡಿಗಳನ್ನು ಮತ್ತೊಂದು ಪಿಐಆರ್ ಸುತ್ತಿನಲ್ಲಿ ತರಿಸಿಕೊಳ್ಳುತ್ತೀರಿ.

36 ಕೋಟಿ ಪುಟಗಳ ಮೇಲೆ 45 ಸರ್ವರ್‌ಗಳಲ್ಲಿ ಇದನ್ನು ಓಡಿಸಿದಾಗ ಒಂದು ಹುಡುಕಾಟಕ್ಕೆ 2.7 ಸೆಕೆಂಡ್ ಹಿಡಿಯಿತು. ಅಷ್ಟು ಹೊತ್ತು ಕಾಯಬಹುದು. ಆದರೆ ಎಲ್ಲ ಕೋರ್‌ಗಳ ದುಡಿಮೆ ಕೂಡಿದರೆ 145 ಸೆಕೆಂಡ್, ಸಾಗಿದ ಡೇಟಾ ಸುಮಾರು 57 ಎಂಬಿ. ಅದರಲ್ಲಿ ಮುಕ್ಕಾಲು ಪಾಲು ನೀವು ಪ್ರಶ್ನೆ ಬರೆಯುವ ಮೊದಲೇ ಹಿನ್ನೆಲೆಯಲ್ಲಿ ಸಾಗಬಹುದು. ಆದರೂ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವವರಿಗೆ ಸುಮಾರು 25 ಹುಡುಕಾಟಕ್ಕೆ ಡೇಟಾ ಖಾಲಿ. ಗುಣಮಟ್ಟವನ್ನೂ ಅವರು ಮುಚ್ಚಿಡದೆ ಹೇಳಿದ್ದಾರೆ. ಸರಿಯಾದ ಪುಟ ಸರಾಸರಿ 7.7ನೇ ಸ್ಥಾನದಲ್ಲಿ ಸಿಕ್ಕಿತು. ಹಳೆಯ ಪದಗಣನೆ ವಿಧಾನದಲ್ಲಿ ಅದು 6.7, ಗುಟ್ಟಿನ ಗೊಡವೆಯಿಲ್ಲದ ಹೊಸ ಎಐ ವಿಧಾನದಲ್ಲಿ 2.3. ಅರ್ಥದ ಮೇಲೆ ಹುಡುಕುವುದರಿಂದ ಫೋನ್ ನಂಬರ್, ವಿಳಾಸ, ಅಪರೂಪದ ಹೆಸರು ಇಂಥವು ಸರಿಯಾಗಿ ಸಿಗುವುದಿಲ್ಲ.

ಸಣ್ಣ ಡೇಟಾಬೇಸ್‌ಗಳಲ್ಲಿ ಈ ಗಣಿತ ಆಗಲೇ ದುಡಿಯುತ್ತಿದೆ. 2024ರ ಐಒಎಸ್ 18ರಲ್ಲಿ, ಕರೆ ಮಾಡಿದವರು ಯಾರೆಂದು ತೋರಿಸುವ ಆ್ಯಪ್‌ಗಳು ತಮ್ಮ ಸರ್ವರನ್ನು ಪಿಐಆರ್ ಮೂಲಕ ಕೇಳುವ ವ್ಯವಸ್ಥೆಯನ್ನು ಆ್ಯಪಲ್ ಸೇರಿಸಿತು, ಅದರ ಹಿಂದಿರುವ, ಮುಸುಕು ತೆಗೆಯದೆಯೇ ಲೆಕ್ಕ ಮಾಡಲು ಬಿಡುವ ಹೋಮೋಮಾರ್ಫಿಕ್ ಎನ್‌ಕ್ರಿಪ್ಷನ್ ಕೋಡನ್ನೂ ಬಹಿರಂಗಪಡಿಸಿತು. ನಿಮಗೆ ಯಾವ ನಂಬರಿನಿಂದ ಕರೆ ಬಂತು ಎಂಬುದು ಆ್ಯಪ್ ಕಂಪನಿಗೆ ತಿಳಿಯುವುದಿಲ್ಲ. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್ ನಿಮ್ಮ ಪಾಸ್‌ವರ್ಡ್ ಸೋರಿಕೆಯಾದವುಗಳ ಪಟ್ಟಿಯಲ್ಲಿದೆಯೇ ಎಂದು ನೋಡುವುದೂ ಇದೇ ಬಗೆಯ ಎನ್‌ಕ್ರಿಪ್ಷನ್ ಮೇಲೆ.

ಓದದೆ ಹುಡುಕುವುದು

‘ಎಲ್ಲವನ್ನೂ ಮುಟ್ಟಲೇಬೇಕು’ ಎಂಬ ನಿಯಮದಲ್ಲಿ ‘ಇದ್ದ ಹಾಗೇ ಇಟ್ಟುಕೊಂಡರೆ’ ಎಂಬ ಷರತ್ತಿತ್ತು. ಡೇಟಾಬೇಸನ್ನು ಮುಂಚೆಯೇ ಬೇರೆ ರೂಪಕ್ಕೆ ತಿರುಗಿಸಿಟ್ಟರೆ? ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದೇ ಸರ್ವರ್‌ಗೆ ಈ ದಾರಿ ತೆರೆಯಲಿಲ್ಲ. ತೆರೆದವರು ವೀ-ಕೈ ಲಿನ್, ಈಥನ್ ಮೂಕ್ ಮತ್ತು ಡೇನಿಯಲ್ ವಿಕ್ಸ್, 2023ರಲ್ಲಿ.

ಅವರು ಡೇಟಾಬೇಸನ್ನು ಹಲವು ಚರಾಕ್ಷರಗಳ ಒಂದು ದೊಡ್ಡ ಬಹುಪದೋಕ್ತಿಯಾಗಿ ಬರೆಯುತ್ತಾರೆ. ಜಾಗದ ಸಂಖ್ಯೆಯ ಅಂಕಿಗಳನ್ನು ಅದಕ್ಕೆ ಹಾಕಿದರೆ ಆ ಜಾಗದ ದಾಖಲೆ ಹೊರಬರುತ್ತದೆ. ಎನ್‌ಕ್ರಿಪ್ಟ್ ಮಾಡಿದ ಅಂಕಿಗಳನ್ನು ಹಾಕಿದರೆ ಎನ್‌ಕ್ರಿಪ್ಟ್ ಆದ ದಾಖಲೆ ಬರುತ್ತದೆ. ಆದರೆ ಬಹುಪದೋಕ್ತಿಯ ಬೆಲೆ ಕಟ್ಟಲು ಅದರ ಎಲ್ಲ ಪದಗಳನ್ನೂ ಓದಬೇಕಲ್ಲ? ಕಿರಣ್ ಕೆದ್ಲಾಯ ಮತ್ತು ಕ್ರಿಸ್ಟೋಫರ್ ಉಮಾನ್ಸ್ 2008ರಲ್ಲಿ ಕೊಟ್ಟ ವಿಧಾನದಿಂದ ಅದು ತಪ್ಪುತ್ತದೆ. ಮುಂಚೆಯೇ ಕೋಷ್ಟಕಗಳನ್ನು ಮಾಡಿಟ್ಟರೆ ಯಾವ ಬಿಂದುವಿನಲ್ಲಿ ಕೇಳಿದರೂ ಕೆಲವೇ ಮನೆಗಳನ್ನು ಓದಿ ಬೆಲೆ ಹೇಳಬಹುದು. ಸರ್ವರ್ ಈಗ ಬಹಳಷ್ಟು ಮನೆಗಳನ್ನು ಮುಟ್ಟದೆ ಬಿಡುತ್ತದೆ, ಆದರೂ ಗುಟ್ಟು ಸೋರುವುದಿಲ್ಲ. ಏಕೆಂದರೆ ಒಂದು ಮನೆ ಒಂದು ದಾಖಲೆಯದಲ್ಲ, ಪ್ರತಿ ಮನೆಯಲ್ಲೂ ಎಲ್ಲ ದಾಖಲೆಗಳು ಬೆರೆತಿವೆ, ಮತ್ತು ಯಾವ ಮನೆ ಓದಬೇಕೆಂಬುದು ಎನ್‌ಕ್ರಿಪ್ಟ್ ಆದ ಬಿಂದುವಿನಿಂದ ನಿರ್ಧಾರವಾಗುತ್ತದೆ.

ಇದು ಸಾಧ್ಯವೆಂದು ಸಾಧಿಸಿದ್ದೇ ದೊಡ್ಡ ಹೆಜ್ಜೆ ಎಂದು ನಾವು ನಂಬುತ್ತೇವೆ. ಬಳಕೆಗೆ ಮಾತ್ರ ಇದು ಬಹಳ ದೂರ: ಕೋಷ್ಟಕಗಳು ಮೂಲ ಡೇಟಾಬೇಸಿಗಿಂತ ಎಷ್ಟೋ ಪಟ್ಟು ಊದಿಕೊಳ್ಳುತ್ತವೆ, ಇಡೀ ವೆಬ್‌ಗೆ ಅವನ್ನು ಕಟ್ಟಿಡುವುದು ಇಂದಿನ ಯಂತ್ರಗಳಿಗೆ ಎಟುಕದು.

‘ಸಂಪೂರ್ಣ ಖಾಸಗಿ ಸರ್ಚ್’ ಎಂದು ಯಾರಾದರೂ ಹೇಳಿದರೆ ಕೆಲವನ್ನು ಕೇಳಿ ನೋಡಬೇಕು. ಪಿಐಆರ್ ನಿಮ್ಮ ಪ್ರಶ್ನೆಯನ್ನು ಮುಚ್ಚುತ್ತದೆ, ನೀವು ಯಾವ ಹೊತ್ತಿಗೆ ಎಷ್ಟು ಸಲ ಕೇಳಿದಿರಿ ಎಂಬುದನ್ನಲ್ಲ. ಫಲಿತಾಂಶದ ಕೊಂಡಿ ಒತ್ತಿದ ಕ್ಷಣ ಆ ಜಾಲತಾಣಕ್ಕೆ ನಿಮ್ಮ ಐಪಿ ವಿಳಾಸ ಕಾಣುತ್ತದೆ, ಅದಕ್ಕೆ ಟಾರ್‌ನಂಥದ್ದೇ ಬೇಕು. ಉತ್ತರ ನಿಜವೆಂಬುದಕ್ಕೂ ಪಿಐಆರ್ ಖಾತ್ರಿ ಕೊಡುವುದಿಲ್ಲ. ಕುತಂತ್ರಿ ಸರ್ವರ್ ಒಂದು ದಾಖಲೆಯನ್ನು ಮಾತ್ರ ಬೇಕೆಂದೇ ಕೆಡಿಸಿಟ್ಟು, ಯಾರು ‘ತಪ್ಪು ಬಂತು’ ಎಂದು ಮತ್ತೆ ಕೇಳುತ್ತಾರೆ ಎಂದು ಕಾದು ಕುಳಿತರೆ, ಮತ್ತೆ ಕೇಳಿದವರು ಆ ದಾಖಲೆಯನ್ನೇ ಹುಡುಕುತ್ತಿದ್ದರು ಎಂದು ತಿಳಿದುಬಿಡುತ್ತದೆ. ಹಣದ ಪ್ರಶ್ನೆಯೂ ಇದೆ. ಪ್ರಶ್ನೆ ಕಾಣದಿದ್ದರೆ ಅದಕ್ಕೆ ತಕ್ಕ ಜಾಹೀರಾತು ತೋರಿಸಲಾಗದು, ಖರ್ಚು ಮಾತ್ರ ಹತ್ತಾರು ಪಟ್ಟು ಏರುತ್ತದೆ. ಸದ್ಯಕ್ಕೆ ಯಾವ ದೊಡ್ಡ ಸರ್ಚ್ ಕಂಪನಿಗೂ ಇದನ್ನು ತರಲು ವ್ಯಾಪಾರದ ಕಾರಣವಿಲ್ಲ.

ಡೇಟಾಬೇಸ್ ಸಣ್ಣದಿದ್ದರೆ ಇಷ್ಟೆಲ್ಲ ಬೇಕಿಲ್ಲ. ಒಂದು ಲಕ್ಷ ಪದಗಳ ನಿಘಂಟು, ಪದಕ್ಕೆ 1 ಕೆಬಿಯಂತೆ 100 ಎಂಬಿ ಎನ್ನಿ. ಸಿಂಪಲ್‌ಪಿಐಆರ್‌ಗೆ ಅದರ ಸುಳಿವೇ ಸುಮಾರು 38 ಎಂಬಿ, ಮೇಲೆ ಪ್ರತಿ ಹುಡುಕಾಟಕ್ಕೆ 75 ಕೆಬಿ. ಎಂಟುನೂರು ಚಿಲ್ಲರೆ ಪದ ನೋಡುವಷ್ಟರಲ್ಲಿ ಇಡೀ ನಿಘಂಟನ್ನೇ ಇಳಿಸಿಕೊಂಡಷ್ಟು ಡೇಟಾ ಹೋಗಿರುತ್ತದೆ, ಆದ್ದರಿಂದ ಇಳಿಸಿಕೊಳ್ಳುವುದೇ ಮೇಲು. 30 ಸಾವಿರಕ್ಕೂ ಹೆಚ್ಚು ಲೇಖನಗಳಿರುವ ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಎಂಬ ಉಚಿತ ಆ್ಯಪ್ ಒಂದೇ ಫೈಲಾಗಿ ಇಳಿಸಿಕೊಡುತ್ತದೆ. ಆ ಮೇಲೆ ಡೇಟಾ ಆಫ್ ಮಾಡಿ ಕಾಯಿಲೆಯ ಹೆಸರನ್ನು ಅಲ್ಲಿ ಹುಡುಕಿದರೆ, ಆ ಪದ ಫೋನಿನಿಂದ ಹೊರಗೇ ಹೋಗುವುದಿಲ್ಲ.